ಎಡಗೈಯ ಹಕ್ಕಿಗಳು

ವಿದ್ಯಾಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಟಿ.ವಿ.ಯ ಮೇಲಿನ ಹಲಗೆಯಲ್ಲಿ, ಮರದ ಹಕ್ಕಿಗಳದೊಂದು ಸಂಸಾರವೇ ಇದೆ. ನೀವು ಬಂದರೆ ಮೊದಲು ನಗುತ್ತೀರಿ. ಗುಬ್ಬಿಯ ಮೈ ಕೆಂಪು, ಕಾಗೆಗೆ ಹಳದಿ ರೆಕ್ಕೆ, ಪಾರಿವಾಳದ ಎದೆಯ ತುಂಬ ಕುಪ್ಪಸದ ಖಣದ ಚುಕ್ಕಿಗಳು. ಪೇಟೆಯ ನಯನಾಜೂಕಿನ ಗೊಂಬೆಗಳ ನಡುವೆ ಅವು ಮದುವೆಗೆ ಒಂದು ದಿನ ಮೊದಲೇ ಬಂದ ಬೀಗರಂತೆ ನಿಸ್ಸಂಕೋಚವಾಗಿ ಕುಳಿತಿವೆ.

ಬಣ್ಣ ಬಳಿದವರು ನಮ್ಮ ಅತ್ತೆ. ಗುಳೇದಗುಡ್ಡದ ಮನೆಯಲ್ಲಿ ಬದುಕಿಡೀ ಖಣ ನೇಯ್ದ ಅವರಿಗೆ ಹೋದ ವರ್ಷ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ತೊದಲುವುದಕ್ಕಿಂತ ಮೌನವೇ ಲೇಸೆಂದು ಬಗೆದರೋ ಏನೋ, ನಮ್ಮಲ್ಲಿಗೆ ಬಂದ ಮೇಲೆ ಬಾಯಿಯನ್ನೇ ತೆರೆಯಲಿಲ್ಲ. ಕೈ ಸುಮ್ಮನಿರಬಾರದೆಂದು ಡಾಕ್ಟರು ಹೇಳಿದ್ದರು. ರಬ್ಬರಿನ ಚೆಂಡು ಕೊಟ್ಟರೆ ಅತ್ತೆ ಗೋಡೆಗೆ ಮುಖ ತಿರುಗಿಸಿದರು.

ಬಾಗಿಲು ಸರಿಮಾಡಲು ಬಂದಿದ್ದ ಬಡಿಗ ಹುಸೇನಸಾಬರು ಇದನ್ನು ಕಂಡು, ಮರುದಿನ ತೇಗದ ತುಂಡಿನಲ್ಲಿ ಕೆತ್ತಿದ ಗಿಳಿಯೊಂದನ್ನು ತಂದು ಅವರ ತೊಡೆಯ ಮೇಲಿಟ್ಟರು. ತಮ್ಮ ತಾಯಿಯೂ ಹೀಗೇ ಮಾತು ನಿಲ್ಲಿಸಿದ್ದಳೆಂದು ಹೋಗುವಾಗ ನನಗಷ್ಟೇ ಕೇಳುವಂತೆ ಹೇಳಿದರು.

ಗಿಳಿ ಬಹಳ ದಿನ ಬಣ್ಣವಿಲ್ಲದೆ ಕುಳಿತಿತ್ತು. ಒಂದು ಮಧ್ಯಾಹ್ನ ನಾನೇ ಅತ್ತೆಯ ಎದುರು ಕೂತು ಹಸಿರು ಬಳಿಯತೊಡಗಿದೆ. ಅವರು ಓರೆಗಣ್ಣಿನಿಂದ ನೋಡುತ್ತಿದ್ದರು. ರೆಕ್ಕೆ ಮುಗಿಸಿ, ಕಣ್ಣು ಬರೆಯಲೆಂದು ಕುಂಚವನ್ನು ಕಪ್ಪಿನಲ್ಲಿ ಅದ್ದುವಷ್ಟರಲ್ಲಿ ಅವರ ಎಡಗೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು.

“ಬಿಡು,” ಎಂದರು. ತುಸು ಹೊತ್ತು ಪದಗಳನ್ನು ಹುಡುಕಿ, “ಕಣ್ಣ... ನಾ ಬರೀತೇನಿ.”

ಒಂದು ಕಣ್ಣು ಹಣೆಗೇರಿತು, ಇನ್ನೊಂದು ಕೆನ್ನೆಗೆ ಜಾರಿತು. ನಾನು ಅಳುವುದು ಅವರಿಗೆ ಕಾಣಿಸದಿರಲೆಂದು ಚಹಾ ಇಡುವ ನೆಪದಲ್ಲಿ ಎದ್ದುಹೋದೆ.

ಮನೆಯ ಚೆಂದಕ್ಕೆಂದು ನಾವು ಏನೇನೋ ತಂದಿಡುತ್ತೇವೆ, ಗೆಳೆಯರೇ. ಚೆಂದವೆಂದರೆ ಅಳತೆ ತಪ್ಪದಿರುವುದೆಂದೇ ನಾನೂ ತಿಳಿದಿದ್ದೆ. ಆದರೆ ಆ ಗಿಳಿಯ ಸೊಟ್ಟ ನೋಟದಲ್ಲಿ, ಬದುಕಿನ ಕಡೆಗೆ ಮತ್ತೆ ಹೊರಳಿದ ಒಂದು ಜೀವದ ಕುತೂಹಲವಿತ್ತು.

ಹುಸೇನಸಾಬರು ಹಕ್ಕಿಗಳನ್ನು ತರುತ್ತಲೇ ಇದ್ದಾರೆ. ಅತ್ತೆಯ ಮಾತು ಪೂರ್ತಿ ಮರಳಿಲ್ಲ, ಬಲಗೈಯಂತೂ ಏಳುವುದೇ ಇಲ್ಲ. ಮೊನ್ನೆ ಹುನಗುಂದದಿಂದ ಬಂದ ನಾದಿನಿ ಹೊಸ ನವಿಲೊಂದನ್ನು ಕಂಡು, ತನ್ನ ಮನೆಗೆ ಒಯ್ಯುವೆನೆಂದು ಕೈ ಚಾಚಿದಳು.

“ತಡಿ,” ಎಂದರು ಅತ್ತೆ, “ಇನ್ನಾ ಹಸಿ ಐತಿ.” ಎಂದವರೇ ಸೊಟ್ಟಗಾದ ತುಟಿಗಳಿಂದ ನವಿಲಿನ ಬೆನ್ನಿಗೆ ಮೆಲ್ಲಗೆ ಉಸಿರೂದಿದರು.