ಹೇಳಿದವರು ಯಾರು

ಹತ್ತನೆಯ ಇಯತ್ತೆ ಮುಗಿಸುವಷ್ಟರಲ್ಲಿ ನಾನು ಐದು ಊರಿನ ಶಾಲೆಗಳ ಧೂಳು ಕುಡಿದಿದ್ದೆ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಅಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ. ಕೇಳಿದವರಿಗೆಲ್ಲ "ಬದ್ಲಿ ಆತ್ರಿ" ಎನ್ನುತ್ತಿದ್ದ. ಸರಕಾರಿ ನೌಕರನಿಗೆ ವರ್ಗವಾಗುವುದು ಇದ್ದದ್ದೇ, ಯಾರೂ ಕೆದಕುತ್ತಿರಲಿಲ್ಲ. ಆದರೆ ಚಿಕ್ಕೋಡಿ ಬಿಟ್ಟ ಮೇಲಿನ ಯಾವ ವರ್ಗವೂ ತಾನಾಗಿ ಬಂದದ್ದಲ್ಲ. ಅಪ್ಪನೇ ಅರ್ಜಿ ಬರೆದು, ಯಾರ ಯಾರ ಕಾಲೋ ಹಿಡಿದು ಮಾಡಿಸಿಕೊಂಡದ್ದು. ನಾವು ಯಾವ ಮಂದಿ ಎಂಬುದನ್ನು ಪ್ರತಿ ಊರಲ್ಲೂ ಯಾರೋ ಒಬ್ಬರು ಮನೆ ಮಾಲೀಕರ ಕಿವಿಗೆ ಹಾಕಿಬಿಡುತ್ತಿದ್ದರು. ಆ ಯಾರೋ ನಾನೇ ಎಂದು ಅಪ್ಪನ ಗಟ್ಟಿ ನಂಬಿಕೆ. ನಾನಲ್ಲ ಎಂದು ಸಾಧಿಸುವುದರಲ್ಲೇ ನನ್ನ ಬಾಲ್ಯ ಕಳೆದುಹೋಯಿತು.

ಮೊದಲ ತಪ್ಪು ಮಾತ್ರ ನನ್ನದೇ, ಅದನ್ನು ಒಪ್ಪಿಕೊಳ್ಳುತ್ತೇನೆ. ನಾವು ಬೌದ್ಧರು. ಮನೆಯಲ್ಲಿದ್ದ ನೀಲಿ ಕೋಟಿನವರ ಫೋಟೊವನ್ನು ಅಪ್ಪ ಬಾಡಿಗೆ ಮನೆಯ ಗೋಡೆಗೆ ಹಾಕುತ್ತಿರಲಿಲ್ಲ, ಟ್ರಂಕಿನಲ್ಲಿ ಅವ್ವನ ಸೀರೆಗಳ ಕೆಳಗೆ ಇಡುತ್ತಿದ್ದ. ರವಿವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಅದನ್ನು ಹೊರಗೆ ತೆಗೆದು ನನ್ನನ್ನು ಎದುರಿಗೆ ನಿಲ್ಲಿಸುತ್ತಿದ್ದ. "ನಾವ್?" ಎಂದು ಕೇಳುತ್ತಿದ್ದ. ನಾನು ಕೈಕಟ್ಟಿಕೊಂಡು "ಬೌದ್ಧರ್ರಿ" ಎನ್ನಬೇಕು. "ಗಟ್ಟ್ಯಾಗಿ ಹೇಳು" ಎನ್ನುತ್ತಿದ್ದ. ಗಟ್ಟಿಯಾಗಿ ಹೇಳುತ್ತಿದ್ದೆ. ಆಮೇಲೆ ಫೋಟೊ ಟ್ರಂಕಿಗೆ, ಬಾಗಿಲು ತೆರೆಯಬೇಕು, ಹೊರಗೆ ಈ ಬಗ್ಗೆ ಪಿಟ್ಟೆನ್ನಬಾರದು. ಹೊರಗೆ ಹೇಳಬಾರದ್ದನ್ನು ಒಳಗೆ ಗಟ್ಟಿಯಾಗಿ ಹೇಳಿಸುವುದು ಯಾಕೆಂದು ಆ ವಯಸ್ಸಿನಲ್ಲಿ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿದೆ ಎಂದು ಹೇಳಲಾರೆ.

ನಿಪ್ಪಾಣಿಯಲ್ಲಿ ನನ್ನನ್ನು ಹಾಕಿದ್ದು ಕನ್ನಡ ಶಾಲೆಗೇ. ಆದರೆ ಶಾಲೆ ಕನ್ನಡದ್ದಾದರೂ ಊರಿನ ನಾಲಿಗೆ ಮರಾಠಿಯದು. ಎರಡನೆಯ ಇಯತ್ತೆಯ ಮೊದಲ ದಿನ ಟೀಚರು ಹಾಜರಿ ಪುಸ್ತಕದಿಂದ ತಲೆ ಎತ್ತದೆ, ಪೆನ್ನನ್ನು ನನ್ನ ಕಡೆ ತಿರುಗಿಸಿ "ನಾವ್?" ಎಂದರು. ಮರಾಠಿಯಲ್ಲಿ ನಾವ್ ಎಂದರೆ ಹೆಸರು. ಹೊಸ ಹುಡುಗಿಯ ಹೆಸರು ಕೇಳಿದ್ದರು, ಅಷ್ಟೇ. ನನಗೆ ಕೇಳಿಸಿದ್ದು ಮಾತ್ರ ರವಿವಾರದ ಅಪ್ಪನ ದನಿ. ಎದ್ದು ನಿಂತು, ಕೈಕಟ್ಟಿ, ಗೋಡೆ ಆಚೆ ಕೇಳುವಂತೆ "ಬೌದ್ಧರ್ರಿ" ಎಂದುಬಿಟ್ಟೆ.

ಹುಡುಗರು ನಕ್ಕರು. ಟೀಚರು ನಗಲಿಲ್ಲ. ಪೆನ್ನು ಕೆಳಗಿಟ್ಟು ಆಗ ನನ್ನ ಮುಖ ನೋಡಿದರು. "ಹೆಸರ ಕೇಳೀನಿ ಯವ್ವಾ" ಎಂದು ಬಹಳ ಮೆತ್ತಗೆ ಹೇಳಿದರು. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಮೂರನೆಯ ಸಾಲಿನಲ್ಲಿ ನಮ್ಮ ಮನೆ ಮಾಲೀಕರ ಮೊಮ್ಮಗಳು ಕೂತಿದ್ದಳು. ಅವಳ ಬಾಯಿ ಇನ್ನೂ ತೆರೆದೇ ಇತ್ತು.

ನಮ್ಮ ಕಡೆ ಯಾರೂ ಮನೆ ಮುಂದೆ ಬಂದು ಕೂಗಾಡುವುದಿಲ್ಲ. ಮರ್ಯಾದಸ್ಥರು ನೋಡಿ. ಎಮ್ಮೆ ಈದ ಮನೆಯವರು ಕಂಪೌಂಡರ ಸಾಹೇಬರಿಗೆಂದು ಡಬ್ಬಿಯಲ್ಲಿ ಗಿಣ್ಣದ ಹಾಲು ಕಳಿಸುತ್ತಿದ್ದರು. ಹಬ್ಬಕ್ಕೆ ಹೋಳಿಗೆ ಬರುತ್ತಿತ್ತು. ಬಂದ ಡಬ್ಬಿಯನ್ನು ಬರಿದಾಗಿ ವಾಪಸು ಕಳಿಸಬಾರದೆಂದು ಅವ್ವ ಒಳಗೆ ಒಂದು ಹಿಡಿ ಸಕ್ಕರೆಯನ್ನೋ ಶೇಂಗಾವನ್ನೋ ಹಾಕಿ ನನ್ನ ಕೈಗೆ ಕೊಡುತ್ತಿದ್ದಳು. ವಿಷಯ ತಿಳಿದ ಮೇಲೆ ಮಾಲೀಕರ ಮನೆಯ ಹೆಂಗಸು ಬಾಗಿಲಲ್ಲೇ ನಿಂತು, ನಗುತ್ತಲೇ, "ಇರ್ಲಿ ತಗೊ, ಡಬ್ಬಿ ನೀವ ಇಟಗೋರಿ ಅಂತ ನಿಮ್ಮವ್ವಗ ಹೇಳು" ಎನ್ನುತ್ತಿದ್ದಳು. ಒಂದು ವಾರದೊಳಗೆ ಮನೆಗೆ ಸುಣ್ಣ ಹೊಡೆಸುವುದಿರುತ್ತಿತ್ತು, ಇಲ್ಲವೆ ಪುಣೆಯಿಂದ ಮಗ ಬರುವವನಿರುತ್ತಿದ್ದ. ಒಟ್ಟಿನಲ್ಲಿ ನಾವು ಖಾಲಿ ಮಾಡಬೇಕು. ಅಪ್ಪ ಅದೇ ಊರಿನಲ್ಲಿ ಇನ್ನೊಂದು ಮನೆ ಹುಡುಕುತ್ತಿರಲಿಲ್ಲ. ಸುದ್ದಿ ನಮಗಿಂತ ಮೊದಲು ಆ ಮನೆಗೆ ಹೋಗಿ ಕೂತಿರುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಈಕಿ ಬಾಯಿ ಈಕಿ ಕೈಯಾಗಿಲ್ಲ" ಎಂದು ಅಪ್ಪ ಅವ್ವನ ಮುಂದೆ ಹೇಳಿದ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಬಡಿಯುತ್ತಲೇ ಇದ್ದಳು.

ರಾಯಬಾಗದಲ್ಲಿ ನಾನು ಬಾಯಿಗೆ ಬೀಗ ಹಾಕಿಕೊಂಡೆ. ನನಗೆ ಮಾತೇ ಬರುವುದಿಲ್ಲವೇನೋ ಎಂದು ಮಾಸ್ತರರು ಅಪ್ಪನನ್ನು ಕರೆಸಿ ಕೇಳಿದ್ದರು. ಸಾಲಿ ಬದಲಾದಾಗಲೆಲ್ಲ ಮೊದಲು ಕೇಳುವುದು ಹೆಸರು, ಎರಡನೆಯದು ಅಡ್ಡಹೆಸರು. ನಮ್ಮದು ಊರ ಹೆಸರಿಗೆ 'ಕರ' ಅಂಟಿಸಿದ ಅಡ್ಡಹೆಸರು, ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದದ್ದು. ಹಾಗಾಗಿ ಮೂರನೆಯ ಪ್ರಶ್ನೆ ಬಂದೇ ಬರುತ್ತಿತ್ತು: "ಅಂದ್ರ, ನೀವ್ ಯಾರ ಪೈಕಿ?" ಅದಕ್ಕೊಂದು ಯುಕ್ತಿ ಕಂಡುಕೊಂಡೆ. ಅವರು ಬಾಯಿ ತೆರೆಯುವ ಮೊದಲೇ "ನಿಮ್ದು?" ಎಂದು ಕೇಳಿಬಿಡುವುದು. ಕೇಳುವವರಿಗೆ ತಮ್ಮದನ್ನು ಹೇಳಿಕೊಳ್ಳುವ ಹುರುಪೇ ಹೆಚ್ಚು. ಹೊಲ, ಬಾವಿ, ಸೋದರಮಾವನ ಟ್ರಾಕ್ಟರ್ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು.

ಇಷ್ಟೆಲ್ಲ ಮಾಡಿಯೂ ಎರಡನೆಯ ವರ್ಷ ಡಬ್ಬಿ ನಮ್ಮಲ್ಲೇ ಉಳಿಯಿತು.

"ಮತ್ತ ಯಾರ ಮುಂದ ಹೇಳಿದಿ?" ಎಂದ ಅಪ್ಪ. ಯಾರ ಮುಂದೂ ಇಲ್ಲ ಎಂದೆ. ಅಪ್ಪ ಹೊಡೆಯುವವನಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡು, "ಹೇಳೇ ಇಲ್ಲ ಅಂದ್ರ ಅವರಿಗೇನ ಕನಸ ಬಿದ್ದಿತ್ತೇನು?" ಎಂದ. ಆ ಮಾತು ನನ್ನ ತಲೆಯಲ್ಲಿ ಹುಳದಂತೆ ಕೂತುಬಿಟ್ಟಿತು. ನಿದ್ದೆಯಲ್ಲಿ ಬಡಬಡಿಸುತ್ತೇನೇನೋ ಎಂದು ನನ್ನ ಮೇಲೆ ನನಗೇ ಸಂಶಯ ಬಂತು. ಯಾರಾದರೂ ನನ್ನ ಕಡೆ ನೋಡಿ ಪಿಸುಗುಟ್ಟಿದರೆ ನಮ್ಮದೇ ಸುದ್ದಿ ಎನಿಸುತ್ತಿತ್ತು. ಯಾರಾದರೂ ಪೇರಲಹಣ್ಣು ಕೊಟ್ಟರೆ ಬಾಯಿ ಬಿಡಿಸಲು ಕೊಡುತ್ತಿದ್ದಾರೆ ಎಂದು ಬೇಡವೆನ್ನುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುಂಬಳಕಾಯಿ ಕದಿಯದೆಯೇ ಎರಡೂ ಹೆಗಲು ಒರೆಸಿಕೊಳ್ಳುತ್ತಿದ್ದೆ.

ಅಥಣಿಗೆ ಹೋಗಿ ಮೂರು ವರ್ಷವಾದ ಮೇಲೆ ಒಬ್ಬಳು ಗೆಳತಿ ಸಿಕ್ಕಳು. ಸಿಕ್ಕಳು ಎನ್ನುವುದು ಸುಳ್ಳು, ಅವಳೇ ಬಂದು ಅಂಟಿಕೊಂಡಳು. ದ್ರಾಕ್ಷಿ ತೋಟದವರ ಮಗಳು, ಉದ್ದ ಜಡೆ, ಬಾಯಿ ತುಂಬ ಮಾತು. ನನ್ನ ಡಬ್ಬಿಯ ಖಾರಬ್ಯಾಳಿಗೆ ನೇರ ಕೈ ಹಾಕುತ್ತಿದ್ದಳು. ಆರು ತಿಂಗಳು ನಾನು ಅವಳನ್ನು ಪರೀಕ್ಷೆ ಮಾಡಿದೆ. ಸುಳ್ಳುಸುಳ್ಳೇ ಗುಟ್ಟುಗಳನ್ನು ಹೇಳಿ, ಅವು ಬೇರೆಯವರ ಬಾಯಿಂದ ತಿರುಗಿ ಬರುತ್ತವೋ ಎಂದು ಕಾದೆ. ಒಂದೂ ಬರಲಿಲ್ಲ. ಆಗ ನನಗೆ ಬಂದ ಸಂತೋಷ ಎಂಥದೆಂದು ಹೇಳಲಾರೆ. ಎಂಟನೆಯ ಇಯತ್ತೆಯ ಆ ಕೆಲವು ತಿಂಗಳು ನಾನು ಎಲ್ಲ ಮಕ್ಕಳಂತೆ ಇದ್ದೆ.

ಒಂದು ಮಧ್ಯಾಹ್ನ ಅವಳು ಹೇಳದೆ ಕೇಳದೆ ಮನೆಗೆ ಬಂದಳು. ಅವ್ವ ಟ್ರಂಕಿನ ಸೀರೆಗಳನ್ನು ಬಿಸಿಲಿಗೆ ಹಾಕಲು ತೆಗೆದಿದ್ದಳು. ಫೋಟೊ ಮಂಚದ ಮೇಲಿತ್ತು. ಅವಳು ಅದನ್ನು ನೋಡಿದಳು, ನಾನು ಅವಳು ನೋಡಿದ್ದನ್ನು ನೋಡಿದೆ. "ನಮ್ಮ ಸಾಲ್ಯಾಗೂ ಐತಲ್ಲ ಇದು" ಎಂದಳು, ನೀರು ಕೇಳಿ ಕುಡಿದಳು, ಹೋದಳು.

ಹತ್ತು ದಿನಕ್ಕೆ ಮಾಲೀಕರ ಸೊಸೆ ಬಾಗಿಲಲ್ಲಿ ನಿಂತು ಡಬ್ಬಿ ನಿಮ್ಮಲ್ಲೇ ಇರಲಿ ಎಂದಳು.

ಅಪ್ಪ ಈ ಸಲ ನನ್ನನ್ನು ನೋಡಿದ, ಅಷ್ಟೇ. ನಾನು ಮಾತ್ರ ಕಳ್ಳಿಯನ್ನು ಹಿಡಿದ ಹಾಗೆ ಕುದಿಯುತ್ತಿದ್ದೆ. ಮರುದಿನ ಸಾಲಿಯಲ್ಲಿ ಅವಳು ಎಂದಿನಂತೆ ನನ್ನ ಡಬ್ಬಿಗೆ ಕೈ ಚಾಚಿದಾಗ ಮುಚ್ಚಳ ಹಾಕಿಬಿಟ್ಟೆ. "ಯಾಕಲೇ, ಏನಾತು?" ಎಂದಳು. "ನಿನಗ ಗೊತ್ತೈತಿ" ಎಂದೆ. ಅಳುತ್ತ ಎರಡು ದಿನ ನನ್ನ ಹಿಂದೆ ಹಿಂದೆ ತಿರುಗಿದಳು. ಟಿ.ಸಿ. ತೆಗೆಸಲು ಹೋದ ದಿನವೂ ಗೇಟಿನ ಹತ್ತಿರ ನಿಂತಿದ್ದಳು, ನಾನು ಮುಖ ತಿರುಗಿಸಿದೆ. ಕಾಗವಾಡದ ಎರಡು ವರ್ಷ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹತ್ತನೆಯ ಇಯತ್ತೆಯ ಗುಂಪಿನ ಫೋಟೊದಲ್ಲಿ ನನ್ನ ಪಕ್ಕದ ಹುಡುಗಿಗೂ ನನಗೂ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಿದೆ.

ಅಪ್ಪನಿಗೆ ನಿವೃತ್ತಿಯಾಗಿ, ಚಿಕ್ಕೋಡಿಯಲ್ಲಿ ಸ್ವಂತ ಮನೆ ಕಟ್ಟಿಸಿ ಬಹಳ ವರ್ಷವಾಯಿತು. ನಾನು ಇದೇ ಊರಿನಲ್ಲಿ ನೌಕರಿ ಮಾಡುತ್ತೇನೆ, ಸಂಜೆ ಒಮ್ಮೆ ಆ ಕಡೆ ಹೋಗಿ ಬರುತ್ತೇನೆ. ಹೋದ ತಿಂಗಳು ಅಡುಗೆಮನೆಯಲ್ಲಿ ಅವ್ವನೊಂದಿಗೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ ವಾಟ್ಸಾಪಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಸಂದೇಶ ಬಂತು. ಅಥಣಿಯ ಗೆಳತಿ. ಗುರುತು ಸಿಕ್ಕಿತೇ, ನನ್ನ ನಂಬರು ಎಷ್ಟು ಕಷ್ಟಪಟ್ಟು ಹುಡುಕಿದ್ದಾಳೆ, ಹೀಗೆಲ್ಲ ಬರೆದಿದ್ದಳು. ನನಗೆ ಮೊದಲು ಬಂದ ಯೋಚನೆ, ಇವಳಿಗೆ ಈಗ ನನ್ನಿಂದ ಏನು ಬೇಕಾಗಿದೆ ಎಂದು. ಫೋನನ್ನು ಅವ್ವನ ಮುಂದೆ ಹಿಡಿದೆ.

"ನೋಡಿಲ್ಲಿ, ಆ ಅಥಣಿ ಹುಡುಗಿ. ಊರಿಗೆಲ್ಲ ಡಂಗುರ ಹೊಡದಾಕಿ, ಈಗ ಗುರ್ತ ಕೇಳಾಕತ್ತಾಳ."

ಅವ್ವ ಫೋನು ನೋಡಲಿಲ್ಲ. ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಬುಟ್ಟಿಗೆ ಹಾಕಿ, "ಆಕಿ ಹೇಳಿಲ್ಲ" ಎಂದಳು.

"ನಿನಗ ಹೆಂಗ ಗೊತ್ತು?"

"ನಾನ ಹೇಳೀನಿ. ಅಥಣ್ಯಾಗೂ ನಾನ, ರಾಯಬಾಗದಾಗೂ ನಾನ."

ಅವ್ವ ದನಿ ತಗ್ಗಿಸಿದಳು, ಅಪ್ಪ ಹೊರಗೆ ಪೇಪರು ಓದುತ್ತಿದ್ದ. "ಅಥಣ್ಯಾಗ ಆ ಮಾಲಕರ ಸೊಸಿ ದಿನಾ ಬಂದು ಒಲಿ ಮುಂದ ಕುಂತು ಚಹಾ ಕುಡೀತಿದ್ಲು. ಭಾಳ ಚಲೋ ಹೆಣಮಗಳು. ಅಕ್ಕಾ ಅಕ್ಕಾ ಅಂತಿದ್ಲು. ಯಾರ ಮನ್ಯಾಗ ಕುಡ್ಯಾಕತ್ತೀನಿ ಅಂತ ಗೊತ್ತಿಲ್ದ ಕುಡದ್ರ, ಆಕಿ ನನ್ನ ಕೈಯಾಂದು ಕುಡದಂಗ ಹೆಂಗಾತು? ಯಾರೋ ಬ್ಯಾರೇದಾಕಿ ಕೈಯಾಂದು ಕುಡದಂಗ. ಒಂದಿನ ತಡಿಲಿಲ್ಲ, ಹೇಳಿಬಿಟ್ಟೆ. ರಾಯಬಾಗದಾಕಿ ಬಿಟ್ಟಂಗ ಈಕಿ ಬಿಡಾಂಗಿಲ್ಲ, ಹೇಳಿದ್ರೂ ಬರ್ತಾಳ ಅಂತ ತಿಳಿದಿದ್ದೆ."

"ಬಂದ್ಲೇನು?"

"ಮರುದಿನ ಡಬ್ಬಿ ಬ್ಯಾಡ ಅಂದ್ಲಲ್ಲ."

ಅವ್ವನ ಮೇಲೆ ಕರುಣೆ ಬಂತು, ಅದರ ಹಿಂದೆಯೇ ಸಿಟ್ಟು ಬಂತು, ಸಿಟ್ಟೇ ದೊಡ್ಡದಾಯಿತು. "ಅಪ್ಪ ನನಗ ಅಂದಾಗ ಯಾಕ ಸುಮ್ನಿದ್ದಿ? ಅಷ್ಟ ವರ್ಷ?"

"ನೀ ಸಣ್ಣಾಕಿ. ನಿನಗಾದ್ರ ನಿಮ್ಮಪ್ಪ ಬೈದು ಸುಮ್ನಾಗ್ತಾರ" ಎಂದಳು ಅವ್ವ. "ನಾ ಹೇಳೀನಿ ಅಂತ ಗೊತ್ತಾಗಿದ್ರ, ಮುಂದಿನ ಊರಾಗ ಯಾರ ಜೋಡೀನೂ ಮಾತಾಡಾಕ ಬಿಡ್ತಿದ್ದಿಲ್ಲ ನನಗ." ಬೆಳ್ಳುಳ್ಳಿ ಸಿಪ್ಪೆ ಒಟ್ಟುಗೂಡಿಸುತ್ತ, "ತಪ್ಪಾತು" ಎಂದಳು. ಅವ್ವ ಆ ಮಾತು ಯಾರಿಗೂ ಹೇಳಿದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ.

ಹೊರಗಿನಿಂದ ಅಪ್ಪ, "ಏನ ಗುಸುಗುಸು ನಡದೈತಿ?" ಎಂದು ಕೇಳಿದ. ಅವ್ವ ನನ್ನ ಮುಖ ನೋಡಿದಳು. "ಏನಿಲ್ಲಪ್ಪಾ" ಎಂದೆ.

ಮನೆಗೆ ಬಂದು ಗೆಳತಿಗೆ ಬರೆದೆ: ಗುರುತು ಸಿಕ್ಕಿತು, ಅವತ್ತು ಹೇಳಿದ್ದು ನೀನಲ್ಲ ಎಂದು ಇವತ್ತು ತಿಳಿಯಿತು, ನನ್ನನ್ನು ಕ್ಷಮಿಸು. ತಕ್ಷಣ ಉತ್ತರ ಬಂತು. "ಏನ ಹೇಳಿದ್ದು? ಯಾರಿಗೆ? ನೀ ಯಾಕ ಮಾತು ಬಿಟ್ಟಿ ಅಂತ ಕೇಳಾಕನ ನಿನ್ನ ನಂಬರ ಹುಡುಕೀನಿ."

ನಿಜವಾಗಿಯೂ ಗೊತ್ತಿಲ್ಲವೋ, ಗೊತ್ತಿಲ್ಲದಂತೆ ನಟಿಸುತ್ತಿದ್ದಾಳೋ ಎಂದು ನನ್ನ ಹಾಳು ತಲೆ ಆಗಲೂ ಯೋಚಿಸಿತು. ಮತ್ತೆ ಮತ್ತೆ ಓದಿದ ಮೇಲೆ ಒಪ್ಪಿಕೊಳ್ಳಬೇಕಾಯಿತು, ಅವಳಿಗೆ ಗೊತ್ತಿಲ್ಲ. ಆ ಫೋಟೊ ಅವಳಿಗೆ ಸಾಲಿಯ ಗೋಡೆಯ ಮೇಲಿನ ಫೋಟೊ, ಅಷ್ಟೇ ಆಗಿತ್ತು. ನಾವು ಯಾವ ಮಂದಿ ಎಂದು ಇವತ್ತಿನವರೆಗೂ ಅವಳಿಗೆ ಯಾರೂ ಹೇಳಿಲ್ಲ. ಇನ್ನು ಹೇಳಬೇಕಾದವಳು ನಾನು. ಒಂದು ತಿಂಗಳಾಯಿತು, ಬರೆಯುತ್ತೇನೆ, ಅಳಿಸುತ್ತೇನೆ.