ಕೊನೆಯ ಪುಟ ಬರೆಸಿದವರು

ಅವರ ಎಡಗೈಯ ಉಂಗುರ ಬೆರಳಿಗೆ ಉಗುರಿರಲಿಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ, ಮರಿ ಹಾಕಿದ್ದ ಹಂದಿಯೊಂದು ಕಚ್ಚಿತ್ತು. ಬೆರಳ ತುದಿ ಬೇಯಿಸಿದ ಶೇಂಗಾಕಾಯಿಯಂತೆ ಸುಕ್ಕುಗಟ್ಟಿತ್ತು. ಹಂದಿ ಸಾಕುವವರಿಗೆ ಚಿತ್ರ ತೋರಿಸುವಾಗ ಆ ಬೆರಳೇ ಮುಂದೆ ಬರುತ್ತಿತ್ತು. ಹೆಂಗಸರು ಮೊದಲು ಬೆರಳು ನೋಡುತ್ತಿದ್ದರು, ಆಮೇಲೆ ಚಿತ್ರ.

ಅವರು ಪಶುವೈದ್ಯರು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಂದಿ ಸಾಕುವ ಮನೆಗಳಲ್ಲಿ ಎಲ್ಲರಿಗೂ ಡಾಕ್ಟರಬಾಯಿ. ನಿವೃತ್ತರಾದ ಮೇಲೆ, ಮನೆ ಹಿಂದೆ ಎರಡು ಮೂರು ಹಂದಿ ಕಟ್ಟಿಕೊಂಡವರಿಗಾಗಿ ಚಿತ್ರಪುಸ್ತಕವೊಂದನ್ನು ಸಿದ್ಧಪಡಿಸುವ ಕೆಲಸವನ್ನು ಒಂದು ಸಂಸ್ಥೆ ಅವರಿಗೆ ಒಪ್ಪಿಸಿತ್ತು. ಗೋಕಾಕದಲ್ಲಿ ಪತ್ರಿಕೆಯ ವರದಿಗಾರನಾಗಿದ್ದ ನನ್ನನ್ನು ಚಿತ್ರಗಳ ಕೆಳಗಿನ ಸಾಲು ಬರೆಯಲು ಕರೆದರು.

ನಾನು ಬರೆದುಕೊಂಡು ಹೋದ ಮೊದಲ ಹಾಳೆ ಓದಿ ಕನ್ನಡಕ ತೆಗೆದರು. “‘ಹಂದಿಯು ರೋಗಬಾಧಿತವಾದಲ್ಲಿ’ ಅಂತ ಬರ್ದೀರಿ. ನಿಮ್ಮ ಮನ್ಯಾಗ ಹುಡುಗಗ ಜ್ವರಾ ಬಂದ್ರ ಹೇಣ್ತಿಗೆ ಹಿಂಗ ಹೇಳ್ತೀರೇನ್ರಿ?”

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಪ್ರತಿ ಚಿತ್ರವೂ ಊರೂರು ತಿರುಗಬೇಕು ಎಂಬುದು ಅವರ ಹಟ. ಹಂದಿ ಗೂಡಿನ ಪಕ್ಕ ಚೀಲ ಹಾಸಿಕೊಂಡು ಕೂತು, ಚಿತ್ರ ಎತ್ತಿ ಹಿಡಿದು, “ಏನ್ ಕಾಣಸ್ತೈತಿ?” ಎಂದು ಕೇಳಿ ಸುಮ್ಮನಾಗುತ್ತಿದ್ದರು. ಯಾರಾದರೂ ತಪ್ಪು ಹೇಳಿದಾಗ ನಾನು ತಿದ್ದಲು ಬಾಯಿ ತೆರೆದರೆ ಮೊಣಕೈಯಿಂದ ತಿವಿಯುತ್ತಿದ್ದರು. “ನೀವು ತಿಳಿಸಿ ಹೇಳಿದ್ರ ನೀವು ಪಾಸ್ ಆಗ್ತೀರಿ, ಚಿತ್ರ ಪಾಸ್ ಆಗೂದಿಲ್ಲ.”

ಖಾನಾವಳಿಯ ಮುಸುರೆಯನ್ನು ಕುದಿಸದೆ ಹಂದಿಗೆ ಹಾಕಬಾರದು ಎನ್ನುವ ಚಿತ್ರದ ಮೇಲೆ ಕಲಾವಿದ ‘ಬೇಡ’ ಎನ್ನುವ ದೊಡ್ಡದೊಂದು ಕೆಂಪು ಕತ್ತರಿ ಗುರುತು ಹಾಕಿದ್ದ. ಯಮಕನಮರಡಿಯಲ್ಲಿ ಅದನ್ನು ನೋಡಿದ ಮುದುಕರೊಬ್ಬರು ತಡಮಾಡದೆ ಹೇಳಿದರು: “ಈ ಗೂಡ ಒಡೀತಾರ.” ರಸ್ತೆ ಅಗಲ ಮಾಡುವಾಗ ಒಡೆಯಬೇಕಾದ ಗೋಡೆಗಳ ಮೇಲೆ ಅಲ್ಲಿ ಅಂಥದೇ ಗುರುತು ಬಿದ್ದಿತ್ತು. ಬಾಜೂ ಕೂತವನು, “ಕಾಕಾ, ನಿನ್ನ ಮನಿಗಿಂತ ಮೊದಲ ಹಂದಿಗೆ ಪರಿಹಾರ ಬಂತು ನೋಡ” ಎಂದ. ಎಲ್ಲರೂ ನಕ್ಕರು, ಡಾಕ್ಟರಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ವಾಪಸು ಬರುವ ಬಸ್ಸಿನಲ್ಲೇ ಆ ಗುರುತು ಹೋಯಿತು.

ಕೊನೆಯ ಪುಟದ ವಿಷಯ ನಗುವಂಥದ್ದಾಗಿರಲಿಲ್ಲ. ಹಂದಿಗಳಿಗೆ ಮಾತ್ರ ಅಂಟುವ ಜ್ವರದಿಂದ ಒಂದು ಹಂದಿ ಸತ್ತರೆ ಆಸ್ಪತ್ರೆಗೆ ತಿಳಿಸಿ ಎಂಬ ಪುಟ ಅದು. ಆ ಕಡೆಯ ಎಷ್ಟೋ ಮನೆಗಳಲ್ಲಿ ಹಂದಿ ಮೇವು ಬಿಟ್ಟರೆ ಸಾಯುವ ಮೊದಲೇ ಕೊಯ್ದು, ಮದುವೆ ಮಾಡಿ ಕೊಟ್ಟ ಮಗಳ ಮನೆಗೆ ಮಾಂಸದ ಒಂದು ಪಾಲು ಕಳಿಸುವುದು ರೂಢಿ. ಪಾಲಿನ ಜೊತೆ ರೋಗವೂ ಊರು ದಾಟುತ್ತಿತ್ತು. ಚಿತ್ರದಲ್ಲಿ ಡಾಕ್ಟರು ಚೀಲ ಹಿಡಿದು ಮನೆಗೆ ಬರುತ್ತಿದ್ದರು. ಮಸಗುಪ್ಪಿಯಲ್ಲಿ ಅದನ್ನು ತೋರಿಸಿದಾಗ ಹಂದಿ ಸಾಕುವ ಒಬ್ಬ ವಿಧವೆ, “ಸೂಜಿ ಮಾಡ್ತಾರ, ಉಳದಾವು ಆರಾಮ ಆಗ್ತಾವು” ಎಂದಳು. ಉಳಿದವರೂ ಹೌದೆಂದರು.

ಡಾಕ್ಟರಬಾಯಿ ತಮ್ಮ ಕಟ್ಟಳೆ ತಾವೇ ಮುರಿದದ್ದು ಅವತ್ತೊಂದೇ ದಿನ. “ಇಲ್ಲವಾ. ಇದಕ್ಕ ಔಷಧ ಇಲ್ಲ. ರೋಗ ಖರೆ ಅಂತ ಗೊತ್ತಾದ್ರ ಉಳದಾವನ್ನೂ ಕೊಲ್ಲಬೇಕಾಗತೈತಿ. ಬಾಜೂ ಮನಿಯಾವನ್ನೂ.”

ಆಕೆ ಕೇಳಿದಳು. “ಹಂಗಿದ್ರ ನಾ ಯಾಕ ಹೇಳಲಿ?”

“ನಿನ್ನ ಮಗಳ ಮನ್ಯಾಗೂ ಹಂದಿ ಅದಾವಲ್ಲ, ಅದಕ್ಕ.”

ಇದನ್ನು ಪುಸ್ತಕದಲ್ಲಿ ಹಾಕಲು ಸಂಸ್ಥೆಯವರು ಒಪ್ಪಲಿಲ್ಲ. ಕೊಲ್ಲುತ್ತಾರೆಂದು ಮೊದಲೇ ಹೇಳಿದರೆ ಯಾರೂ ತಿಳಿಸುವುದಿಲ್ಲ ಎಂಬುದು ಅವರ ವಾದ, ಅದರಲ್ಲಿ ಹುರುಳಿತ್ತು. ಡಾಕ್ಟರಬಾಯಿ ಜಗಳವಾಡಲಿಲ್ಲ. “ಕೊಲ್ಲೂ ದಿನ ಅಂಗಳದಾಗ ನಿಂದ್ರಾಕಿ ನಾನು. ಮುಚ್ಚಿಟ್ಟು ಕರಸ್ಕೊಂಡು ಹೆಂಗ ನಿಂದ್ರಲಿ?” ಎಂದಷ್ಟೇ ಕೇಳಿದರು. ಸಂಸ್ಥೆಯವರು ಕೊನೆಗೆ ಒಪ್ಪಿದರು, ಪುಟಕ್ಕೆ ಖಾಲಿ ಗೂಡಿನ ಚಿತ್ರವೂ ಬಂತು. ಅದರ ಕೆಳಗೆ ನನ್ನಿಂದ ಬರೆಸಿದ ಸಾಲು ಇದು: ಉಳಿದ ಹಂದಿಗಳನ್ನೂ ಕೊಲ್ಲುತ್ತಾರೆ. ಮಗಳ ಮನೆಯ ಹಂದಿಗಳು ಉಳಿಯುತ್ತವೆ.

ಮರುವರ್ಷ ಬೇಸಿಗೆಯಲ್ಲಿ ರೋಗ ಬಂತು. ಮಸಗುಪ್ಪಿಯ ಆ ವಿಧವೆಯ ಗೂಡಿನಲ್ಲಿ ಒಂದು ಹಂದಿ ಸತ್ತಿತು. ಆಕೆ ಕೊಯ್ಯಲಿಲ್ಲ, ಯಮಕನಮರಡಿಯ ಮಗಳಿಗೆ ಪಾಲು ಕಳಿಸಲಿಲ್ಲ, ಡಾಕ್ಟರಬಾಯಿಗೆ ಫೋನು ಮಾಡಿಸಿದಳು. ಪರೀಕ್ಷೆಯಲ್ಲಿ ರೋಗ ಖಚಿತವಾಯಿತು. ಆಕೆಯ ಹಂದಿಗಳನ್ನೂ ಓಣಿಯ ಹಂದಿಗಳನ್ನೂ ಇಲಾಖೆಯವರು ಕೊಂದು ಹೂಳಿದರು. ಮರಿಗಳ ಚೀರಾಟ ನಿಂತ ಮೇಲೆ ಓಣಿಯವರು ಆಕೆಯ ಕಡೆ ತಿರುಗಿದರು. “ನಿನ್ನ ಬಾಯಿಂದ ಓಣಿ ಖಾಲಿ ಆತು.” ಡಾಕ್ಟರಬಾಯಿ ನಡುವೆ ಹೋಗಿ ನಿಂತು, “ಬೈಯೂದಿದ್ರ ನನಗ ಬೈರಿ” ಎಂದರು. ಬೈದರು. ಹೋದಾಗೆಲ್ಲ ಚಹಾ ಕೊಡುತ್ತಿದ್ದ ಆ ವಿಧವೆಯ ಮನೆಯಲ್ಲಿ ಅವತ್ತು ಯಾರೂ ನೀರು ಕೂಡ ಕೊಡಲಿಲ್ಲ. ಹೊತ್ತು ಮುಳುಗುವವರೆಗೂ ಡಾಕ್ಟರಬಾಯಿ ಅಂಗಳ ಬಿಟ್ಟು ಕದಲಲಿಲ್ಲ. ವಿಧವೆ ಒಳಗೆ ಹೋಗಿ ಕದ ಹಾಕಿಕೊಂಡಳು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರಬಾಯಿಗೆ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ನೋಡಲು ಹೋದಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ. “ಮಸಗುಪ್ಪಿಯಾಕಿ ಏನರ ಅಂದ್ಲೇನ್ರಿ?” ಒಮ್ಮೆ ಅದಕ್ಕೆಂದೇ ಹೋಗಿ ಬಂದೆ. ಆಕೆ ದನದ ಸಗಣಿ ಬಳಿಯುತ್ತಿದ್ದಳು, ತಲೆ ಎತ್ತಲಿಲ್ಲ. ವಾಪಸು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಾಕ್ಟರಬಾಯಿ ಗೋಡೆ ಕಡೆ ಹೊರಳಿದರು. “ನನ್ನ ಜಡ್ಡಿನ ಸುದ್ದಿ ಆಕಿಗೆ ಮುಟ್ಟಿಸಬ್ಯಾಡ್ರಿ. ಕನಿಕರಕ್ಕ ಮಾತಾಡೂದು ಬ್ಯಾಡ.”

ಯುಗಾದಿಗೆ ಮುಂಚೆ ಅವರು ತೀರಿಕೊಂಡರು. ಗೋಕಾಕದ ಅವರ ಮನೆಯ ಮುಂದೆ ಹಾಕಿದ್ದ ಶಾಮಿಯಾನ ಬಿಚ್ಚುತ್ತಿದ್ದಾಗ ಮಸಗುಪ್ಪಿಯಾಕೆ ಮಗಳನ್ನು ಕರೆದುಕೊಂಡು ಬಂದಳು. ಪತ್ರಿಕೆಯಲ್ಲಿ ನಾನು ಬರೆದ ಸಣ್ಣ ಸುದ್ದಿಯನ್ನು ಯಾರೋ ಓದಿ ಹೇಳಿದ್ದರಂತೆ. ಮಗಳ ಹಂದಿಗಳು ಉಳಿದಿದ್ದವು. ಅವುಗಳದೇ ಎರಡು ಮರಿ ತಂದು ಆಕೆ ಮತ್ತೆ ಗೂಡು ತುಂಬಿಸಿಕೊಂಡಿದ್ದಳು. ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಹಿಡಿದಳು.

“ನನ್ನ ಸಿಟ್ಟ ಇಳೀಲಿ, ಹೋದ್ರಾತು ಅಂತ ಇದ್ನಿ” ಎಂದಳು. “ಕೊಲ್ಲತಾರಂತ ಅಷ್ಟ ಮೊದಲ ಹೇಳಿದಾಕಿ, ತನಗ ಹಿಂಗ ಆಗೈತಿ ಅಂತ ಒಂದ ಮಾತ ಹೇಳಬಾರದಿತ್ತೇನ್ರಿ? ಬರತಿದ್ನಿ. ಬಂದು ಬೈದರ ಬೈತಿದ್ನಿ.”