ಇಂಜಿನ್ ಪಳಗಿಸಿದ್ದು

ಆಯುಧಪೂಜೆಯ ದಿನ ನನ್ನ ಅತ್ತೆ ಆ ಕಾರನ್ನು ಬಾವಿಕಟ್ಟೆಯ ಮೇಲೆ ಕೂರಿಸಿ, ಸೋಪಿನ ನೀರು ಹಾಕಿ ತಿಕ್ಕಿ ತೊಳೆದಿದ್ದರು. ಹಾರೆ, ಕತ್ತಿ, ಮೆಟ್ಟುಕತ್ತಿ ಎಲ್ಲವನ್ನೂ ತೊಳೆದು ಕುಂಕುಮ ಇಟ್ಟ ಮೇಲೆ ಮಗನ ಕಾರೊಂದನ್ನು ಹಾಗೇ ಬಿಡುವುದು ಹೇಗೆ ಎಂಬುದು ಅವರ ಯೋಚನೆ. ನಾನು ಬಸ್ರೂರಿನ ತವರಿಗೆ ಹೋಗಿದ್ದೆ. ಮರುದಿನ ಬಿಜೂರಿಗೆ ವಾಪಸು ಬಂದು ನೋಡಿದರೆ ಕಾರು ಸೇವಂತಿಗೆ ಮುಡಿದುಕೊಂಡು ದೇವರ ಕೋಣೆಯ ಬಾಗಿಲಲ್ಲಿ ಕೂತಿತ್ತು. ಚೆಂದವೇ ಕಾಣುತ್ತಿತ್ತು. ಒಳಗೆ ನೀರು ಹೋಗಿರಬಹುದು ಎಂದು ನನಗೂ ಹೊಳೆಯಲಿಲ್ಲ. ಹೂವು ತೆಗೆದು, ಒರೆಸಿ, ಕಪಾಟಿನಲ್ಲಿಟ್ಟೆ.

ಅದು ಆಟದ ಕಾರೇ ಹೌದು, ಆದರೆ ಬ್ಯಾಟರಿಯಿಂದ ಓಡುವಂಥದ್ದಲ್ಲ. ಉದ್ದದಲ್ಲಿ ಒಂದು ಮೊಳ ಇರಬಹುದು. ಒಳಗೆ ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟದೊಂದು ನಿಜವಾದ ಇಂಜಿನ್. ನೈಟ್ರೋ ಎನ್ನುವ ಇಂಧನ ಹಾಕಿ, ಹಗ್ಗ ಎಳೆದು ಚಾಲೂ ಮಾಡಿ, ಕೈಯಲ್ಲಿ ರಿಮೋಟ್ ಹಿಡಿದು ಓಡಿಸಬೇಕು. ದುಬೈಯಲ್ಲಿ ಎ.ಸಿ. ರಿಪೇರಿ ಕೆಲಸದಲ್ಲಿದ್ದ ನನ್ನ ಗಂಡ ಎರಡು ಸಾವಿರದ ನಾಲ್ಕರ ಬೇಸಿಗೆ ರಜೆಯಲ್ಲಿ ಅದನ್ನು ತಂದರು. ಇಂಧನವನ್ನು ವಿಮಾನದಲ್ಲಿ ತರಲು ಬಿಡುವುದಿಲ್ಲ. ಮುಂಬೈಯ ಹೋಟೆಲಿನಲ್ಲಿದ್ದ ನನ್ನ ತಮ್ಮ ಅಲ್ಲಿಯ ಅಂಗಡಿಯಿಂದ ಕೊಂಡು, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದ.

ನಮ್ಮ ಮದುವೆಯಾದದ್ದು ತೊಂಬತ್ತೇಳರಲ್ಲಿ. ಇವರು ವರ್ಷಕ್ಕೊಮ್ಮೆ ಬರುತ್ತಿದ್ದರು. ಬಂದ ರಜೆ ಊರಿನವರ ಸೊತ್ತು. ಮದುವೆ, ಉಪನಯನ, ಗೃಹಪ್ರವೇಶ, ಕೋಪ ಮಾಡಿಕೊಂಡಿದ್ದ ದೊಡ್ಡಪ್ಪನ ಮನೆ, ಕೋಪ ಮಾಡಿಕೊಳ್ಳಬಹುದಾಗಿದ್ದ ಚಿಕ್ಕಪ್ಪನ ಮನೆ. ನಾನು ಸೀರೆ ಉಟ್ಟು ಪಕ್ಕದಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದೆ. ನಮಗೆ ಮಕ್ಕಳಾಗಿರಲಿಲ್ಲ. ಆ ವಿಷಯ ಎತ್ತುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಿದ್ದರು. ಕಾರು ಬಂದ ಮೇಲೆ ಮಾತ್ರ ಸಂಜೆಗಳು ನಮ್ಮವಾದವು. ಒಣಗಿದ ಗದ್ದೆ ಬೈಲಿಗೆ ಹೋಗಿ ಓಡಿಸುತ್ತಿದ್ದೆವು. ಅದು ಗದ್ದೆಯ ಅಂಚಿಗೆ ಹೊಡೆದು ಮಗುಚಿದರೆ ನಾನು ಓಡಿಹೋಗಿ ಎತ್ತಿ ನಿಲ್ಲಿಸಬೇಕು. ಒಮ್ಮೆ ಸೀರೆ ಎತ್ತಿ ಕಟ್ಟಿ ಓಡಿದ್ದಕ್ಕೆ ಇವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಾವಿಬ್ಬರೇ ಇದ್ದು ನಕ್ಕ ನೆನಪುಗಳನ್ನು ಹುಡುಕಿದರೆ ನನಗೆ ಸಿಗುವುದೆಲ್ಲ ಆ ಬೈಲಿನವೇ.

ಅತ್ತೆ ತೊಳೆದಿಟ್ಟ ಮರುವರ್ಷ, ಎರಡು ಸಾವಿರದ ಆರರ ಬೇಸಿಗೆಯಲ್ಲಿ, ಕಾರು ಹೊರಡಲಿಲ್ಲ. ಇವರು ಹಗ್ಗ ಎಳೆದೂ ಎಳೆದೂ ಬೆವತುಹೋದರು. ಒಮ್ಮೆ ಚಾಲೂ ಆಯಿತು, ಬಿಸಿಯಾದ ಕೂಡಲೆ ನಿಂತಿತು. ಮತ್ತೆ ಎಷ್ಟು ಎಳೆದರೂ ಇಲ್ಲ.

"ಇದ್ರ ಕಥಿ ಮುಗಿತ್, ಬಿಡ್ ಮರಾಯ್ತಿ" ಎಂದು ಪೆಟ್ಟಿಗೆಗೆ ಹಾಕಿದರು. ಆ ರಜೆಯಲ್ಲಿ ನಮ್ಮದೆಂಬ ಒಂದು ಸಂಜೆಯೂ ಇರಲಿಲ್ಲ. ವಿಮಾನ ಹತ್ತಿಸಿ ಬಂದ ದಿನವೇ ನಾನು ನಿರ್ಧರಿಸಿದೆ: ಮುಂದಿನ ಸಲ ಇವರು ಬರುವಷ್ಟರಲ್ಲಿ ಇದು ಓಡಬೇಕು. ಕಾರಿನ ಹುಚ್ಚು ನನಗೇನೂ ಇರಲಿಲ್ಲ. ನಮಗಿಬ್ಬರಿಗೇ ಸೇರಿದ್ದು ಏನಾದರೊಂದು ಬೇಕಿತ್ತು, ಅಷ್ಟೆ.

ಆ ಮಳೆಗಾಲ ಅತ್ತೆ ಮಂಡಿನೋವಿನ ಔಷಧಕ್ಕೆಂದು ಬ್ರಹ್ಮಾವರದಲ್ಲಿದ್ದ ಮಗಳ ಮನೆಗೆ ಹೋದರು. ಮನೆಯಲ್ಲಿ ನಾನೊಬ್ಬಳೇ. ರವಿಕೆ ಹೊಲಿಯುವುದು ನನ್ನ ಕೆಲಸ. ಯಂತ್ರ ಕೆಟ್ಟರೆ ನಾನೇ ಬಿಚ್ಚಿ ಕಟ್ಟುತ್ತಿದ್ದುದರಿಂದ ಸಣ್ಣ ಸ್ಕ್ರೂಗಳ ಭಯವಿರಲಿಲ್ಲ. ಕಾರಿನ ಪೆಟ್ಟಿಗೆಯಲ್ಲಿದ್ದ ಚಿತ್ರಗಳ ಪುಸ್ತಕ ಸಾಲದೆ ಹೋದಾಗ ಬೈಂದೂರಿನ ಸೈಬರ್ ಅಂಗಡಿಗೆ ಹೋಗಿ ಕೂತು, ಎಲ್ಲೋ ದೂರದ ದೇಶಗಳವರು ಬರೆದದ್ದನ್ನು ಓದಿದೆ. ಅವರೆಲ್ಲ ಒಬ್ಬರಿಗೊಬ್ಬರು ಕೇಳುತ್ತಿದ್ದರು, ಹೇಳುತ್ತಿದ್ದರು. ನನಗೆ ಇಡೀ ಬಿಜೂರಿನಲ್ಲಿ ಈ ಬಗ್ಗೆ ಬಾಯಿ ಬಿಡಲು ಒಬ್ಬರೂ ಇರಲಿಲ್ಲ.

ಮೊದಲು ನೋಡಬೇಕಾದದ್ದು ಬಿಚ್ಚದೆಯೇ ನೋಡುವಂಥದ್ದು. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆ, ಅದಕ್ಕೆ ಸ್ಲೀವ್ ಎನ್ನುತ್ತಾರೆ, ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ಇಂಜಿನ್ ತಣ್ಣಗಿದ್ದಾಗ ಕೈಯಿಂದ ತಿರುಗಿಸಿದರೆ ಪಿಸ್ಟನ್ ಅಲ್ಲಿಗೆ ಹೋಗಿ ಬಿಗಿಯಾಗಿ ಸಿಕ್ಕಿಕೊಳ್ಳಬೇಕು. ಬಿಸಿಯಾದಾಗ ಸ್ಲೀವ್ ಹಿಗ್ಗಿ ಎರಡೂ ಸರಿಹೊಂದುತ್ತವೆ. ನಾನು ತಿರುಗಿಸಿದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಸುತ್ತಿತು, ಕೆಳಗೆಲ್ಲೋ ಕರಕರ ಎಂದಿತು.

ಬಿಚ್ಚಿ ಹಳೇ ಬಿಳಿ ಪಂಚೆಯ ಮೇಲೆ ಹರವಿದೆ. ಬೇರಿಂಗುಗಳು ತುಕ್ಕು ಹಿಡಿದು ಕೆಂಪಾಗಿದ್ದವು. ಅದು ಅತ್ತೆಯ ಪೂಜೆಯ ಪ್ರಸಾದ. ಪಿಸ್ಟನ್ನಿಗೆ ಕಟ್ಟಿದ ರಾಡಿನ ಕೆಳಗಿನ ತೂತು ಸವೆದು ಮೊಟ್ಟೆಯಾಕಾರವಾಗಿತ್ತು. ಸ್ಲೀವಿನ ಒಳಮೈಯಲ್ಲಿ ಉದ್ದುದ್ದ ಗೀರು. ಈ ಸವೆತ ನೀರಿನಿಂದಾಗುವುದಲ್ಲ. ಹೊಸ ಇಂಜಿನ್ ಎಂದರೆ ಮೊದಲ ಕೆಲವು ಟ್ಯಾಂಕ್ ಇಂಧನವನ್ನು ಧಾರಾಳ ಬಿಟ್ಟು, ನಿಧಾನಕ್ಕೆ ಓಡಿಸಿ, ಪ್ರತಿ ಟ್ಯಾಂಕಿನ ನಂತರ ಪೂರ್ತಿ ತಣಿಯಲು ಬಿಟ್ಟು ಪಳಗಿಸಬೇಕು. ಪುಸ್ತಕದ ಎರಡನೇ ಪುಟದಲ್ಲೇ ಹಾಗೆಂದು ಬರೆದಿತ್ತು. ಇವರು ತಂದ ಮೊದಲ ಸಂಜೆಯೇ ಇಂಧನ ಬಿಡುವ ಸ್ಕ್ರೂ ಬಿಗಿಮಾಡಿ, ಹೊಗೆಯೂ ಕಾಣದಂತೆ, ಬೈಲಿನ ಉದ್ದಕ್ಕೂ ಹಾರಿಸಿದ್ದರು. ರಜೆ ಮುಗಿಯುವುದರೊಳಗೆ ಎಲ್ಲ ಆಗಬೇಕಿತ್ತಲ್ಲ.

ಇಂಜಿನ್ ಕೆಡಿಸಿದರೆಂದು ನಾನು ಒಳಗೊಳಗೇ ಅತ್ತೆಯ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಅದು ಅಲ್ಲಿಗೆ ಇಳಿಯಿತು. ಸಿಟ್ಟು ಯಾರ ಮೇಲೆ ತಿರುಗಬೇಕಿತ್ತೋ ಅವರ ಮೇಲೆ ತಿರುಗಲಿಲ್ಲ. ದೂರ ಇರುವವರ ಮೇಲೆ ಸಿಟ್ಟು ಬಹಳ ಹೊತ್ತು ನಿಲ್ಲುವುದೂ ಇಲ್ಲ. ಸ್ಲೀವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತೆ. ಇದೊಂದೇ ಅಲ್ಲ, ನಮ್ಮ ಮನೆಯಲ್ಲಿ ಯಾವುದನ್ನೂ ಪಳಗಿಸಲು ಪುರುಸೊತ್ತಾಗಿರಲಿಲ್ಲ ಅನ್ನಿಸಿ ಅಳು ಬಂತು.

ತಮ್ಮನಿಗೆ ಫೋನ್ ಮಾಡಿ ಹೊಸ ಪಿಸ್ಟನ್, ಸ್ಲೀವ್, ರಾಡ್, ಬೇರಿಂಗ್ ತರಿಸಿದೆ. ಹಳೇ ಬೇರಿಂಗ್ ಹೊರಬರಬೇಕಾದರೆ ಇಂಜಿನ್ನಿನ ಹೊರಕವಚವನ್ನು ಕಾಯಿಸಬೇಕು. ದೋಸೆ ಕಾವಲಿಯ ಮೇಲಿಟ್ಟು ಕಾಯಿಸಿ, ದಪ್ಪ ಬಟ್ಟೆಯಲ್ಲಿ ಹಿಡಿದು ಮಣೆಗೆ ಕುಟ್ಟಿದೆ. ಟಪ್ಪನೆ ಉದುರಿತು. ಹೊಸದನ್ನು ಮೊದಲೇ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟು ಕುಗ್ಗಿಸಿದ್ದೆ. ಅದು ಬಿಸಿ ಕವಚದೊಳಗೆ ತಾನಾಗಿ ಇಳಿದು ಕೂತಿತು. ಆ ಕ್ಷಣ ಯಾರಿಗಾದರೂ ತೋರಿಸಬೇಕೆನಿಸಿ ತಲೆಯೆತ್ತಿದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆಗೆ ಫೋನ್ ಮಾಡಿದೆ.

"ದೋಸಿ ಕಾವ್ಲಿ ಮೇಲಾ?" ಎಂದರು ಅವರು. "ಹೆಣೆ, ಇನ್ ಅದ್ರಲ್ಲ್ ದೋಸಿ ಏಳುದಿಲ್ಲೆ, ಕಾಣ್."

ಏಳಲೂ ಇಲ್ಲ. ಹೊಸ ಕಾವಲಿ ಕೊಂಡೆ.

ಪಿಸ್ಟನ್ನಿನ ಪಿನ್ನು ಜಾರದಂತೆ ಹಿಡಿಯುವ ತಂತಿಯ ಬಳೆಯೊಂದಿದೆ, ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದು. ಕೂರಿಸುವಾಗ ಅದು ಚಿಮ್ಮಿ ಎಲ್ಲಿಗೋ ಹಾರಿತು. ಮನೆಯೆಲ್ಲ ಗುಡಿಸಿ, ಕಸ ಜಾಲಿಸಿ, ಕೊನೆಗೆ ನನ್ನ ಜಡೆಯಲ್ಲೇ ಸಿಕ್ಕಿತು. ಎಲ್ಲ ಸೇರಿಸಿ ಕೈಯಿಂದ ತಿರುಗಿಸಿದೆ. ಪಿಸ್ಟನ್ ಮೇಲೆ ಹೋಗಿ, ಬಿಗಿದು, ನಿಂತುಬಿಟ್ಟಿತು. ಹಾಗೆ ನಿಂತದ್ದಕ್ಕೆ ನನಗಾದ ಸಂತೋಷವನ್ನು ಇವತ್ತಿಗೂ ಯಾರಿಗೆ ವಿವರಿಸಿದರೂ ಅರ್ಥವಾಗುವುದಿಲ್ಲ. ಇವರಿಗೆ ಫೋನಿನಲ್ಲಿ ಹೇಳಲಿಲ್ಲ. ಬಂದಾಗ ತೋರಿಸೋಣವೆಂದು ಬಾಯಿ ಕಟ್ಟಿಕೊಂಡೆ.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಬಂದರು. ಒಂದು ಸಂಜೆ ನೆಂಟರ ಕಣ್ಣು ತಪ್ಪಿಸಿ ಬೈಲಿಗೆ ಕರೆದುಕೊಂಡು ಹೋದೆ. ಹಗ್ಗ ಎಳೆದೆ. ಎರಡನೇ ಎಳೆತಕ್ಕೆ ಚಾಲೂ ಆಗಿ ಬಿಳಿ ಹೊಗೆ ಬಿಟ್ಟಿತು.

"ಯಾರ್ ಮಾಡಿದ್?" ಎಂದರು.

"ನಾನೇ."

ಇವರು ನನ್ನನ್ನು ಬೆರಗಿನಿಂದ ನೋಡಿದ್ದೇ ನನಗೆ ಸಾಕಿತ್ತು. ಕೂಡಲೆ ರಿಮೋಟಿಗೆ ಕೈ ಚಾಚಿದರು. "ಒಂದ್ ಸಲ ಜೋರ್ ಬಿಟ್ ಕಾಂಬ."

"ಬ್ಯಾಡ. ಈ ಟ್ಯಾಂಕ್ ನಿಧಾನ ಓಡ್ಸುದ್. ಮತ್ತೆ ಪೂರ್ತಿ ತಣಿಕ್. ಅಲ್ಲಿವರಿಗೆ ಕೂಕಣಿ."

ಟ್ಯಾಂಕ್ ಮುಗಿದ ಮೇಲೆ ಗದ್ದೆಯ ಅಂಚಿನಲ್ಲಿ ಕೂತೆವು. ನಡುವೆ ಕಾರು ಬಿಸಿ ಆರಿಸಿಕೊಳ್ಳುತ್ತಿತ್ತು. ಇವರಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಹುಲ್ಲು ಕಿತ್ತರು, ವಾಚು ನೋಡಿದರು. ಮಾಡಲು ಬೇರೇನೂ ಉಳಿಯದೆ ಹೋದಾಗ ಮಾತು ಬಂತು.

"ನಾನ್ ಕಂಪನಿ ಬದಲ್ಸಿದೆ. ಸಂಬಳ ಲಾಯ್ಕ್ ಇತ್ತ್. ಆದ್ರೆ ರಜೆ ಮೂರ್ ವರ್ಷಕ್ ಒಂದ್ ಸಲ ಅಂಬ್ರ್."

"ಯಾಪಗ ಒಪ್ಪಿದ್ರಿ?"

"ಸಂಕ್ರಾಂತಿ ಹೊತ್ತಿಗೆ."

"ನಂಗೆ ಒಂದ್ ಮಾತ್ ಹೇಳುಕಾಯ್ಲಿಲ್ಯಾ?"

"ಫೋನಂಗೆ ಎಂತ ಹೇಳುದ್. ಹೇಳ್ರೆ ನೀನ್ ಬೇಜಾರ್ ಮಾಡ್ತೆ."

ನಾನು ಕೈ ಚಾಚಿ ಇಂಜಿನ್ ಮುಟ್ಟಿ ನೋಡಿದೆ. ತಣಿದಿತ್ತು. ಅಷ್ಟು ಹೊತ್ತು ಕೂರಿಸದೇ ಇದ್ದಿದ್ದರೆ ವಿಮಾನ ಹತ್ತುವ ದಿನ ಹೇಳುತ್ತಿದ್ದರೋ ಏನೋ. "ತಣ್ದಿತ್. ಸುರು ಮಾಡಿ" ಎಂದೆ. ಆ ಸಂಜೆ ಇನ್ನೊಂದು ಟ್ಯಾಂಕ್ ಆಯಿತು. ಮರುದಿನ ಸಾಲಿಗ್ರಾಮದಲ್ಲಿ ಮದುವೆ, ಆಮೇಲೆ ಯಾರದೋ ವರ್ಷಾಂತಿಕ, ಆಮೇಲೆ ಸೂಟ್‌ಕೇಸ್. ಇಂಜಿನ್ ಅರ್ಧ ಪಳಗಿದ್ದ ಹಾಗೇ ಇವರು ಹೊರಟರು.

ಉಳಿದ ಟ್ಯಾಂಕುಗಳನ್ನು ನಾನೇ ಮುಗಿಸಿದೆ. ಮಳೆ ಹಿಡಿಯುವ ಮೊದಲು ಸಂಜೆ ಸಂಜೆ ಬೈಲಿಗೆ ಹೋಗಿ, ಓಡಿಸಿ, ತಣಿದು ಕುಗ್ಗುವ ಸ್ಲೀವಿನಲ್ಲಿ ಸಿಕ್ಕಿಕೊಳ್ಳದಂತೆ ಪಿಸ್ಟನ್ನನ್ನು ಕೆಳಗಿಳಿಸಿಟ್ಟು, ಅಂಚಿನಲ್ಲಿ ಒಬ್ಬಳೇ ಕೂತು ತಣಿಯುವುದನ್ನು ಕಾದೆ. ದಾರಿಯಲ್ಲಿ ಹೋಗುವವರು ನೋಡಿ ನಗುತ್ತಿದ್ದರು. ಗಂಡನ ಆಟಿಕೆ ಕಟ್ಟಿಕೊಂಡು ಬೈಲಿನಲ್ಲಿ ಕೂತವಳನ್ನು ನೋಡಿ ಇನ್ನೇನು ಮಾಡಿಯಾರು. ಪ್ರತಿ ಟ್ಯಾಂಕಿಗೂ ಇಂಧನ ಒಂದಿಷ್ಟು ಬಿಗಿಮಾಡುತ್ತ ಬಂದೆ. ಹೊಗೆ ತೆಳುವಾಯಿತು, ದನಿ ಹರಿತವಾಯಿತು.

ಪೂರ್ತಿ ವೇಗಕ್ಕೆ ಬಿಟ್ಟದ್ದು ಒಂದು ಶುಕ್ರವಾರ. ಕಾರು ಬೈಲಿನ ಆ ತುದಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ನಾನು ಜೋರಾಗಿ ನಕ್ಕಿದ್ದೆ. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಶುಕ್ರವಾರ ಇವರಿಗೆ ರಜೆ, ಫೋನ್ ಬರುವ ದಿನ. ಏನೂ ಹೇಳದೆ ಕಾರನ್ನು ಕಾಲ ಬಳಿ ನಿಲ್ಲಿಸಿ, ಫೋನನ್ನು ಇಂಜಿನ್ನಿನ ಹತ್ತಿರ ಹಿಡಿದು, ಅದರ ದನಿ ಜೋರು ಮಾಡಿದೆ. ಗುರುತು ಹಿಡಿಯುತ್ತಾರೆ, ಹೆಸರು ಹಿಡಿದು ಕರೆದ ಹಾಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಆಮೇಲೆ ಫೋನನ್ನು ಕಿವಿಗಿಟ್ಟೆ.

"ಹಲೋ, ಹಲೋ. ಎಂತ ಶಬ್ದ ಮರಾಯ್ತಿ ಅದ್? ಎಂತದೂ ಕೇಂತಿಲ್ಲೆ. ಅಕ್ಕಿ ಗಿರಣಿ ಹತ್ರ ನಿಂತಿದ್ಯಾ?"

"ಹೌದ್" ಎಂದೆ. "ಗಿರಣಿ."

"ಮನಿಗ್ ಹೋದ್ಮೇಲೆ ಮಾತಾಡ್ವ" ಎಂದು ಇವರು ಫೋನ್ ಇಟ್ಟರು.

ಟ್ಯಾಂಕಿನಲ್ಲಿ ಇನ್ನೂ ಅರ್ಧ ಇತ್ತು. ಅದು ಮುಗಿಯುವವರೆಗೂ ಓಡಿಸಿದೆ.